ಬಲಗೈ ಕಟ್ಟಿಕೊಂಡ ಬೀಗರು

ಹೋದ ಭಾನುವಾರ ನನ್ನ ಮೊಮ್ಮಗಳು ನಡೆದಳು. ಮನೆಯ ನುಣುಪು ಟೈಲ್ಸಿನ ಮೇಲಲ್ಲ, ಭೋರ ಊರಿನ ಆಚೆ ನೀರಿನ ದಂಡೆಯಲ್ಲಿ ನಿಲ್ಲಿಸಿದ್ದ ಒಂದು ತಂಬುಗಾಡಿಯ ಒಳಗೆ. ಪೆಟ್ಟಿಗೆಯೊಂದನ್ನು ಹಿಡಿದು ನಿಂತಿದ್ದವಳು ಅದನ್ನು ಬಿಟ್ಟು, ಕುಡಿದವರ ಹಾಗೆ ತೂಗಾಡಿ, ಅತ್ತ ಬೀಗಿತ್ತಿಯ ಕಡೆ ಹೋಗಲೋ ಇತ್ತ ನನ್ನ ಕಡೆ ಬರಲೋ ಎಂದು ನಡುವೆ ನಿಂತು ವಿಚಾರ ಮಾಡಿ, ನನ್ನ ಕಡೆಗೇ ಬಂದಳು. ನನ್ನ ಕಡೆಗೇ! ಇದನ್ನು ಈ ವಾರದಲ್ಲಿ ಹಾಲಿನವನಿಗೆ, ಲಿಫ್ಟಿನಲ್ಲಿ ಸಿಕ್ಕವರಿಗೆ, ನಾವಿರುವ ಮಗರಪಟ್ಟಾದ ತೋಟಕ್ಕೆ ಸಂಜೆ ಬರುವ ಎಲ್ಲ ಮುದುಕಿಯರಿಗೆ ಹೇಳಿ ಮುಗಿಸಿದ್ದೇನೆ. "ಅತ್ತ್ಯಾರ, ಇನ್ನ ನಾಯಿಗೋಳಷ್ಟ ಉಳದಾವ, ಅವಕ್ಕೂ ಹೇಳಿಬಿಡ್ರಿ" ಅಂದಳು ಸೊಸೆ. ಹೇಳಲು ಯಾರೂ ಉಳಿಯದ ಕಾರಣ ಈಗ ಬರೆಯಲು ಕೂತಿದ್ದೇನೆ.

ಬರೆಯಲು ಕೂತರೆ ಕೂಸಿನ ಬದಲು ಬೀಗರೇ ಕಣ್ಣೆದುರಿಗೆ ಬಂದು ನಿಲ್ಲುತ್ತಾರೆ. ಕೂಸು ನಡೆದ ಆ ನೆಲಕ್ಕೆ ಹಲಗೆ ಹೊಡೆದವರು ಅವರು. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ, ಅದೂ ಬೆಳಗಾವಿ ಕಡೆಯ ಒಂದು ಹಳ್ಳಿಯ ಸಾಲೆಯಲ್ಲಿ. ತಪ್ಪು ಒಪ್ಪು ನೀವು ನೋಡಿಕೊಳ್ಳಬೇಕು. ಆದರೆ ಈ ಮನುಷ್ಯನ ಬಗ್ಗೆ ನಾಲ್ಕು ಮಾತು ಬರೆಯದೆ ಇದ್ದರೆ ನನಗೆ ಉಂಡ ಅನ್ನ ಇಳಿಯಲಿಕ್ಕಿಲ್ಲ.

ಬೀಗರು ಅಂದರೆ ನನ್ನ ಸೊಸೆಯ ತಂದೆ. ಹೆಸರು ಬರೆಯುವುದಿಲ್ಲ. ನಮ್ಮಲ್ಲಿ ಬೀಗರ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ, ಬದುಕಿದ್ದಾಗ ಕರೆಯದ ಹೆಸರನ್ನು ಈಗ ಯಾಕೆ ಕರೆಯಲಿ. ಬ್ಯಾಂಕಿನಲ್ಲಿ ದೊಡ್ಡ ಸಾಹೇಬರಾಗಿ ನಿವೃತ್ತರಾದವರು. ಮದುವೆಯಲ್ಲಿ ಬೀಗರನ್ನು ಹೀಯಾಳಿಸಿ ಹಾಡುವುದು ನಮ್ಮ ಕಡೆಯ ಪದ್ಧತಿ. ನಮ್ಮ ಹೆಂಗಸರು, ಬ್ಯಾಂಕಿನ ಬೀಗರ ಹೊಟ್ಟೆ ತಿಜೋರಿಯ ಹಾಗಿದೆ ಎಂದು ಹಾಡು ಕಟ್ಟಿ ಕೈ ತಟ್ಟಿದರು. ಬೇರೆ ಬೀಗರಾಗಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದರು. ಇವರು ಊಟದ ಪಂಕ್ತಿಯಿಂದ ಎದ್ದು ನಿಂತು, "ತಿಜೋರಿ ಖರೇನ ಅದರಿ, ಆದರ ಕೀಲಿ ನಮ್ಮ ಆಕೀ ಹಂತೇಕ ಅದ" ಅಂದುಬಿಟ್ಟರು. ಹಾಡುತ್ತಿದ್ದವರೇ ನಕ್ಕು ನಕ್ಕು ಹಾಡು ಮರೆತರು. ಬೀಗಿತ್ತಿ ಮಾತ್ರ ನಗದೆ, "ಕೀಲಿ ನನ್ನ ಹಂತೇಕ ಇದ್ದರ ಇವರಿಗೆ ಮೂರನೇ ಹೋಳಿಗಿ ಸಿಗತಿರಲಿಲ್ರಿ" ಎಂದು ಅವರ ಎಲೆಯಿಂದ ಒಂದನ್ನು ಎತ್ತಿಟ್ಟರು. ಗಂಡಹೆಂಡತಿಯನ್ನು ನಾನು ಅಂದೇ ಅಳೆದೆ. ಒಳ್ಳೆಯ ಮನೆಗೆ ಹೋಗಿ ಹೆಣ್ಣು ತಂದಿದ್ದೇವೆ ಅಂದುಕೊಂಡೆ.

ನಿವೃತ್ತಿಯಾದ ಮೇಲೆ ಅವರು ಒಂದು ಹಳೆಯ ತಂಬುಗಾಡಿ ಕೊಂಡರು. ಊರು ಬಿಟ್ಟು ಹೋಗುತ್ತಿದ್ದ ಫೌಜಿನ ಸಾಹೇಬರೊಬ್ಬರು ಮಾರಿದ್ದು. ಇದಕ್ಕೆ ಕ್ಯಾಂಪರ್ ಅನ್ನುತ್ತಾರಂತೆ, ನನಗೆ ತಂಬುಗಾಡಿ ಅಂದರೇ ಬಾಯಿಗೆ ಹತ್ತುತ್ತದೆ. ಮುಚ್ಚಿದಾಗ ಅದು ಸೊಂಟದೆತ್ತರದ ಒಂದು ತಗಡಿನ ಪೆಟ್ಟಿಗೆ, ಎರಡು ಗಾಲಿ, ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯುವಂಥದು. ಬೇಕಾದಲ್ಲಿ ನಿಲ್ಲಿಸಿ ತೆರೆದರೆ ಪೆಟ್ಟಿಗೆಯ ಮುಚ್ಚಳವೇ ಮೇಲೆದ್ದು ಛಾವಣಿಯಾಗುತ್ತದೆ. ಎರಡೂ ಬದಿಗೆ ಎರಡು ಮಂಚ ಕಪಾಟಿನ ಖಾನೆಯ ಹಾಗೆ ಹೊರಗೆ ಬರುತ್ತವೆ. ಸುತ್ತ ಕ್ಯಾನ್ವಾಸಿನ ಗೋಡೆ ಬಿಗಿದರೆ ಮನೆ ಆಯಿತು. ಹೇಳಲು ಇಷ್ಟು ಸುಲಭ. ತೆರೆಯುವುದನ್ನು ನೀವು ನೋಡಬೇಕಿತ್ತು.

ಯೆರವಡಾದಲ್ಲಿ ಅವರದು ಕಂಪೌಂಡು ಇರುವ ಹಳೆಯ ಮನೆ. ಗಾಡಿ ತೋರಿಸಲು ನಮ್ಮನ್ನೆಲ್ಲ ಕರೆದಿದ್ದರು. ಛಾವಣಿಯನ್ನು ಇಬ್ಬರು ಎದುರುಬದುರು ನಿಂತು ಒಂದೇ ಸಲ ಎತ್ತಿ, ಕಂಬಕ್ಕೆ ಪಿನ್ನು ಸಿಗಿಸಬೇಕು. ಒಬ್ಬರು ತಡ ಮಾಡಿದರೆ ಇನ್ನೊಬ್ಬರ ಕಡೆ ವಾಲುತ್ತದೆ.

"ಎತ್ತು, ಎತ್ತು, ನಿನ್ನ ಕಡೆ ಎತ್ತು!" ಬೀಗರು ಕೂಗಿದರು.

"ಎತ್ತೇನ್ರೀ, ನೀವ ಇಳಸಾಕತ್ತೀರಿ!" ಆ ಕಡೆಯಿಂದ ಬೀಗಿತ್ತಿ.

"ಪಿನ್ನ ಹಾಕ ಮದಲ!"

"ಪಿನ್ನ ನಿಮ್ಮ ಕಿಸೇದಾಗ ಅದಾವಲ್ರೀ!"

ಛಾವಣಿ ಎತ್ತಿ ಹಿಡಿದ ಕೈ ಬಿಟ್ಟು ಕಿಸೆಗೆ ಹಾಕುವಂತಿಲ್ಲ. ಕೊನೆಗೆ ನನ್ನ ಮಗ ಹೋಗಿ ಮಾವನ ಕಿಸೆಗೆ ಕೈ ಹಾಕಿ ತೆಗೆದ. ನಾನು ಸುಮ್ಮನಿರುವವಳೇ? "ಇಷ್ಟೊತ್ತಿಗೆ ನಾ ಒಂದು ಬುಟ್ಟಿ ರೊಟ್ಟಿ ಬಡದಿರತಿದ್ನಿರಿ ಬೀಗ್ರ" ಅಂದೆ. ಬೆವರು ಒರೆಸಿಕೊಳ್ಳುತ್ತಲೇ ಅವರು, "ಹಂಗಾರ ಮುಂದಿನ ಸರತಿ ಕ್ಯಾನ್ವಾಸ್ ಬ್ಯಾಡ, ನಿಮ್ಮ ರೊಟ್ಟೀನ ಹೊಂದಸಿ ಗ್ವಾಡಿ ಮಾಡೂಣ್ರಿ ಬೀಗತ್ಯಾರ. ಮಳಿ ಬಂದರೂ ನೆನ್ಯೂದಿಲ್ಲ" ಅಂದರು.

ಹಾಗೆ ಜಗಳಾಡುತ್ತಲೇ ಅವರಿಬ್ಬರೂ ಊರೂರು ತಿರುಗಿದರು. ಘಟ್ಟ ಹತ್ತಿದರು, ಕೊಂಕಣದ ಸಮುದ್ರ ನೋಡಿದರು, ಎಲ್ಲಿ ಮನಸ್ಸಾಯಿತೋ ಅಲ್ಲಿ ಗಾಡಿ ನಿಲ್ಲಿಸಿ ಮನೆ ಕಟ್ಟಿದರು. ಬೀಗಿತ್ತಿ ಗಟ್ಟಿ ಹೆಣ್ಣುಮಗಳು. ಗ್ಯಾಸಿನ ಸಿಲಿಂಡರನ್ನು ಒಬ್ಬರೇ ಹೊರಳಿಸಿಕೊಂಡು ಒಳಗೆ ತರುವವರು. ಎಲ್ಲಿಗೆ ಹೋಗಬೇಕು, ಯಾವ ಗಿಡದ ನೆರಳಿಗೆ ನಿಲ್ಲಿಸಬೇಕು ಎಂದು ಹೇಳುವವರು ಅವರೇ. ಬೀಗರದು ಸ್ಟಿಯರಿಂಗ್ ಅಷ್ಟೇ.

ಅಂಥ ಬೀಗಿತ್ತಿಗೆ ಲಕ್ವಾ ಹೊಡೆಯಿತು. ಕಾಲು ಕೋಲು ಹಿಡಿದು ನಡೆಯುವಷ್ಟಕ್ಕೆ ಬಂತು, ಮಾತು ಪೂರ್ತಿ ಬಂತು. ಬಲಗೈ ಬರಲಿಲ್ಲ. ಮಡಿಲಲ್ಲಿ ಇಟ್ಟರೆ ಇಟ್ಟ ಕಡೆ ಇರುತ್ತಿತ್ತು.

ಆಮೇಲೆ ನಾವು ಯಾರು ಹೋದರೂ ಒಂದೇ ಮಾತು: "ನೀವು ಕೂಡ್ರಿ, ನೀವು ಕೂಡ್ರಿ." ನೀರಿನ ಲೋಟ ಎತ್ತಲು ಹೋದರೆ ನಾನು ಓಡಿ ಹೋಗಿ ಕೊಡುತ್ತಿದ್ದೆ. ಬೀಗಿತ್ತಿಗೆ ಮರ್ಯಾದೆ ಮಾಡುವುದು ಹಾಗೆಯೇ ಎಂದು ನಾವು ಕಲಿತವರು. ಅವರೂ ಕೂತರು. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತರು, ಕೂತೇಬಿಟ್ಟರು. ಊಟಕ್ಕೆ ಏನು ಬೇಕೆಂದರೆ "ಏನರ ಮಾಡ್ರಿ", ಹೊರಗೆ ಹೋಗೋಣವೇ ಎಂದರೆ "ನೀವ ಹೋಗಿ ಬರ್ರಿ". ಬೀಗರು ಸಾರು ಮಾಡಲು ಕಲಿತರು. ಅದರಲ್ಲಿ ಉಪ್ಪಿಲ್ಲದಿದ್ದರೂ ಬೀಗಿತ್ತಿ ಬೈಯಲಿಲ್ಲ. ಆ ದಿನ ಬೀಗರು ನನಗೆ ಫೋನು ಮಾಡಿದರು. "ಬೀಗತ್ಯಾರ, ಬೇಕಂತ ಉಪ್ಪ ಹಾಕಿದ್ದಿಲ್ರಿ. ಬೈಲಿ ಅಂತ. ಉಂಡ ಎದ್ದಳು."

ಗಾಡಿಗೆ ತಾಡಪತ್ರಿ ಹೊದಿಸಿದ್ದರು. ಅದನ್ನು ಮಾರಿಬಿಡಿ ಎಂದು ಬೀಗಿತ್ತಿ ಹೇಳಿದರಂತೆ, ತೆರೆಯಲು ಇಬ್ಬರು ಬೇಕು, ಈಗ ಇಬ್ಬರೆಲ್ಲಿದ್ದೇವೆ ಎಂದು. ಬೀಗರು ಮಾರಲಿಲ್ಲ. ತಾಡಪತ್ರಿ ತೆಗೆದು ಸ್ಪ್ಯಾನರು ಹಿಡಿದು ಅದರೊಳಗೆ ಹೊಕ್ಕರು.

ಒಂದು ಮಾತು ಸ್ಪಷ್ಟ ಹೇಳಿಬಿಡುತ್ತೇನೆ. ಬೀಗರಿಗೆ ಈ ಕೆಲಸ ಬರುತ್ತಿರಲಿಲ್ಲ. ಜೀವಮಾನವಿಡೀ ಸಹಿ ಮಾಡಿದ ಕೈ. ಹಳೆಯ ನೆಲ ಕಿತ್ತು ಹೊಸ ಹಲಗೆ ಹೊಡೆದರು, ಹೊಡೆದ ಮೇಲೆ ಮೊಳೆ ಕೀಳುವ ಇಕ್ಕಳ ಕಾಣಲಿಲ್ಲ, ನೋಡಿದರೆ ಅದು ಹಲಗೆಯ ಕೆಳಗೆ. ಮತ್ತೆ ಕೀಳಲಿಕ್ಕೆ ಇಕ್ಕಳವೇ ಬೇಕು! ಪಕ್ಕದ ಮನೆಯದನ್ನು ಕೇಳಿ ತಂದು ಕಿತ್ತರು. ಗಾಡಿಯನ್ನು ಕಂಪೌಂಡಿನ ಗೋಡೆಗೆ ಹತ್ತಿ ನಿಲ್ಲಿಸಿಕೊಂಡೇ ಮಂಚ ಜೋಡಿಸಿದರು, ಜೋಡಿಸಿದ ಮೇಲೆ ಹೊರಗೆ ಎಳೆಯಲು ಜಾಗವಿಲ್ಲ. ಒಬ್ಬರ ಮಾತೂ ಕೇಳುವವರಲ್ಲ. ನನ್ನ ದೊಡ್ಡ ಕತ್ತರಿ ಒಯ್ದದ್ದು ಇವತ್ತಿಗೂ ಮರಳಿಲ್ಲ, ಅದರಿಂದ ತಗಡು ಕತ್ತರಿಸಿದರು ಎಂದು ನನಗೆ ಅನುಮಾನ. ಆದರೆ ತಪ್ಪಾದರೆ ಮುಖ ಸಣ್ಣದು ಮಾಡುತ್ತಿರಲಿಲ್ಲ. "ಛಲೋ ಆತು, ಇದು ಹಿಂಗ ಆಗೂದಿಲ್ಲ ಅಂತ ಗೊತ್ತಾತು" ಎಂದು ಚಹ ಕುಡಿದು ಮತ್ತೆ ಮೊದಲಿನಿಂದ ಶುರು ಮಾಡುವರು.

ಕ್ಯಾನ್ವಾಸ್ ಹೊಲಿಯುವ ಕೆಲಸ ನನಗೆ ಬಂತು. ಒಂದು ಮಧ್ಯಾಹ್ನ ಅದನ್ನು ಸ್ಕೂಟರಿಗೆ ಹೇರಿಕೊಂಡು ಮಗರಪಟ್ಟಾಕ್ಕೆ ಬಂದರು. ನಮ್ಮ ಗೇಟಿನ ವಾಚಮನ್ ಹುಡುಗ ತಡೆದು, "ಆಜೋಬಾ, ಹೇ ಕಾಯ್? ಸರ್ಕಸ್ ಆಲೀ ಕಾ?" ಎಂದು ಕೇಳಿದನಂತೆ. ಬೀಗರು ಮರಾಠಿಯಲ್ಲೇ, ಹೌದಪ್ಪಾ ಸರ್ಕಸ್ಸೇ ಬಂದಿದೆ, ಸಿಂಹಿಣಿ ಮೇಲೆ ಹದಿನಾಲ್ಕನೆಯ ಮಾಳಿಗೆಯಲ್ಲಿ ಇದ್ದಾಳೆ ಎಂದು ನಮ್ಮ ಮನೆ ತೋರಿಸಿ ಒಳಗೆ ಬಂದರು. ಅಂದಿನಿಂದ ಆ ಹುಡುಗ ನನ್ನನ್ನು ಕಂಡರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ನನ್ನ ಹೊಲಿಗೆ ಮಶೀನಿನ ಸೂಜಿಗಳು ಪಟಪಟ ಮುರಿದವು. ಹೊಲಿದೆ. ಆ ಮನುಷ್ಯ ಎದುರಿಗೆ ಕೂತು, "ಬೀಗತ್ಯಾರ ಕೈಯಾಗ ಏನ ಹೊಲಗಿ, ಏನ ಹೊಲಗಿ" ಅನ್ನುತ್ತಿದ್ದರೆ ಹೊಲಿಯದೆ ಏನು ಮಾಡಲಿ.

ಯುಗಾದಿ ಪಾಡ್ಯದ ದಿನ ನಮ್ಮನ್ನು ಊಟಕ್ಕೆ ಕರೆದರು. ಗಾಡಿ ಅಂಗಳದ ನಡುವೆ ನಿಂತಿತ್ತು, ಅದಕ್ಕೆ ಮಾವಿನ ತೋರಣ, ಕುಂಕುಮ. ಬೀಗಿತ್ತಿಯನ್ನು ಕುರ್ಚಿ ಸಮೇತ ಹೊರಗೆ ತಂದು ಕೂಡಿಸಿದ್ದರು. ಕಾಯಿ ಒಡೆದು, ಬೀಗರು ಒಂದು ಗುಂಡಿ ಒತ್ತಿದರು. ಗುಂಯ್ ಎಂದು ಮೋಟರು ತಿರುಗಿತು. ಛಾವಣಿ ಯಾರೂ ಮುಟ್ಟದೆ ಮೇಲೆದ್ದಿತು. ಇನ್ನೊಂದು ಗುಂಡಿ, ಈ ಕಡೆಯ ಮಂಚ ಹೊರಗೆ. ಮತ್ತೊಂದು, ಆ ಕಡೆಯದು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನಂತೂ ಬಾಯಿ ತೆರೆದು ನಿಂತುಬಿಟ್ಟೆ. ಬೀಗರು ಪೇಢೆ ಹಂಚುವ ಮುಖ ಮಾಡಿ ಹೆಂಡತಿಯ ಕಡೆ ತಿರುಗಿದರು.

"ಛಲೋ ಆತು" ಅಂದರು ಬೀಗಿತ್ತಿ. "ಇನ್ನ ನೀವೊಬ್ಬರ ಹೋಗಿ ಬರಬಹುದು."

"ಒಬ್ಬನ ಯಾಕ? ನಿನ್ನ ಸಲುವಾಗೇ ಮಾಡೇನಲ್ಲ?"

"ನಾ ಯಾಕ ಬೇಕ್ರೀ? ಗುಂಡಿ ಒತ್ತಾಕ ನಿಮ್ಮ ಬೆರಳ ಅದಾವ. ನನ್ನನ್ನ ಸಾಮಾನ ಇಳಸಿಧಂಗ ಇಳಸ್ತೀರಿ, ಸಾಮಾನ ಏರಿಸಿಧಂಗ ಏರಿಸಿ ಮನೀಗಿ ತರತೀರಿ. ಅದಕ್ಕಿಂತ ಈ ಕಿಟಕಿ ಛಲೋ ಅದ."

ಸೊಸೆ ಅವ್ವನ ಕುರ್ಚಿಯನ್ನು ಒಳಗೆ ತಂದಳು. ಹೋಳಿಗೆ ಊಟವಾಯಿತು, ಯಾರಿಗೂ ರುಚಿ ಹತ್ತಲಿಲ್ಲ. ನಾನು ಹೊರಗೆ ಹೋಗಿ ನೋಡಿದರೆ ಬೀಗರು ಇನ್ನೂ ಆ ಗುಂಡಿಯ ಹತ್ತಿರವೇ ನಿಂತಿದ್ದರು.

ಮುಂದಿನ ವಾರ ಹೋದಾಗ ಆ ಮೋಟರು ತುಳಸಿಕಟ್ಟೆಯ ಕೆಳಗೆ ಬಿದ್ದಿತ್ತು. ವೈರುಗಳನ್ನೆಲ್ಲ ಕಿತ್ತು ಸುರುಳಿ ಸುತ್ತಿದ್ದರು. ಎಷ್ಟು ದಿನದ ಕೆಲಸ! "ಏನಾತ್ರಿ ಬೀಗ್ರ, ಮೋಟರ ಕೆಟ್ಟಿತೇನು?" ಎಂದು ಕೇಳಿದೆ.

"ಮೋಟರ ಛಲೋ ಅದರಿ. ನಾ ಕೆಟ್ಟಿದ್ನಿ" ಅಂದರು. "ಆಕೀಗೆ ಹಗರ ಆಗಲಿ ಅಂತ ಹೋಗಿ, ಆಕೀ ಕೆಲಸಾನ ತಗದ ಒಗದಬಿಟ್ಟಿದ್ನಿ. ಈಗ ಆಕೀ ಕೆಲಸ ಆಕೀಗೆ ತಿರುಗಿ ಕೊಡಬೇಕು. ಒಂದ ಕೈಲೆ ಆಗೂಹಂಗ ಕೊಡಬೇಕು."

ಇದನ್ನು ಹೇಳುವಾಗಲೇ ನಾನು ಗಮನಿಸಿದೆ. ಬೀಗರ ಬಲಗೈ ಟವೆಲ್ಲಿನಿಂದ ಅವರ ಸೊಂಟಕ್ಕೆ ಬಿಗಿಯಾಗಿ ಕಟ್ಟಿತ್ತು. ಪೆಟ್ಟು ಹತ್ತಿತೋ ಎಂದು ಗಾಬರಿಯಾದೆ. "ಪೆಟ್ಟಲ್ರಿ. ಎಡಗೈಗೆ ಏನು ಬೇಕು ಅಂತ ಬಲಗೈಗೆ ಹೆಂಗ ತಿಳೀಬೇಕು? ಅದಕ್ಕ ಈ ಕೈಗೆ ರಜಾ ಕೊಟ್ಟೇನಿ."

ನಾನು ಚಹ ಕೊಟ್ಟರೆ ಎಡಗೈಯಿಂದಲೇ ಕುಡಿದರು, ಅರ್ಧ ಅಂಗಿಯ ಮೇಲೆ ಚೆಲ್ಲಿತು. ಟವೆಲ್ಲು ಬಿಚ್ಚಿರೆಂದರೆ ಬಿಚ್ಚಲಿಲ್ಲ. ಅಂದಿನಿಂದ ಗಾಡಿಯ ಹತ್ತಿರ ಹೋದಾಗಲೆಲ್ಲ ಬಲಗೈ ಕಟ್ಟಿಯೇ ಹೋಗುತ್ತಿದ್ದರು. ಓಣಿಯ ಜನ ನಿಂತು ನೋಡುವರು. ಬ್ಯಾಂಕಿನಲ್ಲಿ ಇವರ ಕೈಕೆಳಗಿದ್ದವನೊಬ್ಬ ಹಾಯ್ದುಹೋಗುತ್ತ, "ಸಾಹೇಬ್ರ, ಇದೇನ್ರಿ ವ್ಯಾಷ?" ಎಂದು ಕೇಳಿದ್ದಕ್ಕೆ, "ಹೊಸಾ ನೌಕರಿ ಹತ್ತೇತಪಾ, ಇನ್ನೂ ಕಲ್ಯಾಕತ್ತೇನಿ" ಅಂದರಂತೆ. ಅಷ್ಟು ದೊಡ್ಡ ಹುದ್ದೆಯಲ್ಲಿ ಇದ್ದವರು ಓಣಿಯ ನಡುವೆ ಹಾಗೆ ನಿಲ್ಲಲು ಎಂಥ ಎದೆ ಬೇಕು, ನೀವೇ ಹೇಳಿ.

ಬೀಗಿತ್ತಿ ಮೊದಮೊದಲು ಆ ಕಡೆ ನೋಡುತ್ತಲೇ ಇರಲಿಲ್ಲ. ಕುರ್ಚಿ ತಿರುಗಿಸಿಕೊಂಡು ಟೀವಿ ನೋಡುವರು. ಒಂದು ಮುಂಜಾನೆ ನಾನು ಅಲ್ಲಿಯೇ ಇದ್ದೆ. ಕ್ಯಾನ್ವಾಸಿನ ಒಂದು ಕೊಕ್ಕೆ ಹಾಕಲು ಬೀಗರು ಒದ್ದಾಡುತ್ತಿದ್ದರು. ಎಳೆದರೆ ಬಟ್ಟೆ ಜಾರುತ್ತದೆ, ಬಟ್ಟೆ ಹಿಡಿದರೆ ಕೊಕ್ಕೆ ಹಾಕಲು ಕೈ ಇಲ್ಲ. ಹಲ್ಲಿನಿಂದ ಕಚ್ಚಿ ಹಿಡಿಯಲು ಹೋದರು. ಆಗ ಕಿಟಕಿಯಿಂದ ದನಿ ಬಂತು.

"ಏನ್ರೀ! ಹಲ್ಲಿನ ಸೆಟ್ಟ ಕಿತ್ತು ಕ್ಯಾನ್ವಾಸಿಗೆ ಹತ್ತೀತು! ಮೊಣಕಾಲಲೆ ಒತ್ತಿ ಹಿಡೀರಿ, ಆಮ್ಯಾಲ ಕೈ ಹಚ್ಚರಿ."

"ಹೆಂಗ?" ಅಂದರು ಬೀಗರು.

"ಮೊಣಕಾಲಲೆ ಅಂದ್ನಿ. ನಾ ಸೀರಿ ಮಡಚೂದು ಹಂಗ ಅಲ್ಲೇನು?"

"ತಿಳೀವಲ್ದು. ಹೆಂಗ?"

"ಅಯ್ಯ ನಿಮ್ಮ!" ಕೋಲಿನ ಟಕ್ ಟಕ್ ಸದ್ದು ಪಡಸಾಲೆ ದಾಟಿತು, ಮೆಟ್ಟಿಲು ಇಳಿಯಿತು. ಬೀಗಿತ್ತಿ ಬಂದವರೇ ಕೋಲನ್ನು ನನ್ನ ಕೈಗೆ ಕೊಟ್ಟು, ಗಾಡಿಗೆ ಭುಜ ಆನಿಸಿ, ಮೊಣಕಾಲಿನಿಂದ ಬಟ್ಟೆ ಒತ್ತಿ, ಎಡಗೈಯಿಂದ ಕೊಕ್ಕೆ ಹಾಕಿದರು. "ಮತ್ತ ಈ ಕೊಕ್ಕಿ ಯಾವ ಪುಣ್ಯಾತ್ಮ ಇಟ್ಟಾನ ಇಲ್ಲೆ? ಇದನ್ನ ತಗೀರಿ. ಬಳಿಯಂಥಾ ದೊಡ್ಡ ಉಂಗುರ ಹಾಕ್ರಿ, ಹಾಕಿ ದೂಡಿದರ ಕೂಡಬೇಕು." ಬೀಗರು ತಲೆ ಅಲ್ಲಾಡಿಸಿದರು. ಅವರಿಗೆ ನಿಜಕ್ಕೂ ತಿಳಿಯಲಿಲ್ಲವೋ, ತಿಳಿಯದವರ ಹಾಗೆ ನಿಂತರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಸಲ ಕೇಳಿದ್ದೆ. "ಬೀಗತ್ಯಾರ, ಬ್ಯಾಂಕಿನ್ಯಾವರು ಎಲ್ಲಾ ಹೇಳೂದಿಲ್ಲ" ಎಂದು ನಕ್ಕಿದ್ದರು.

ಅಲ್ಲಿಂದ ಮುಂದೆ ಬೀಗಿತ್ತಿಯೇ ಮೇಸ್ತ್ರಿ, ಬೀಗರು ಕೂಲಿ. ಒಂದೇ ಕೈಯಲ್ಲಿ ಬದುಕುವುದು ಏನೆಂದು ಅವರಿಗೆ ಗೊತ್ತಿತ್ತು, ಬೀಗರಿಗೆ ಟವೆಲ್ಲು ಕಟ್ಟಿದಾಗಷ್ಟೇ ಗೊತ್ತು. ಛಾವಣಿ ಎತ್ತಲು ಬಾವಿಯ ರಾಟಿಯ ಹಾಗೆ ಒಂದು ಹಿಡಿಕೆ ಬಂತು. ತಿರುಗಿಸಿದರೆ ಕಟಕಟ ಎಂದು ಮೇಲೇರಬೇಕು, ದಣಿದು ಕೈ ಬಿಟ್ಟರೆ ನಿಂತಲ್ಲೇ ನಿಲ್ಲಬೇಕು, ಕೆಳಗೆ ಬೀಳಬಾರದು. ಹಿಡಿಕೆ ಮೊದಲು ಎತ್ತರದಲ್ಲಿತ್ತು. "ನಾ ಕುಂತ ತಿರುವತೀನಿ, ತಳಗ ಇಡ್ರಿ" ಎಂದು ಬೀಗಿತ್ತಿ ಇಳಿಸಿದರು. ಭಾರ ಹಗುರವಾಗಲು ಕಾರಿನ ಡಿಕ್ಕಿಯನ್ನು ಎತ್ತಿ ಹಿಡಿಯುತ್ತವಲ್ಲ, ಆ ಗ್ಯಾಸಿನ ಕೋಲುಗಳನ್ನು ಹಾಕಿದರು. ಮಂಚಗಳ ಕೆಳಗೆ ಗಾಲಿ ಬಂದವು, ಹೊರಗೆ ಎಳೆದರೆ ಆಸರೆಯ ಕಾಲು ತಾನಾಗಿಯೇ ಕೆಳಗಿಳಿದು ಊರಿಕೊಳ್ಳುತ್ತದೆ. ಬಾಗಿಲಿನ ಗುಂಡಿಗಳನ್ನು ನಾನು ಕಿತ್ತು, ಚಪ್ಪಲಿಗೆ ಇರುತ್ತದಲ್ಲ, ಚರ್ ಎಂದು ಅಂಟಿಕೊಳ್ಳುವ ಪಟ್ಟಿ, ಅದನ್ನು ಹೊಲಿದೆ.

ಒಳಗೆ ಮೊದಲು ಕೀಳಲಾಗದ ಹಾಗೆ ಕೂರಿಸಿದ ಮೇಜು, ಬೆಂಚು, ಕಟ್ಟೆ ಇದ್ದವು. ಕೋಲು ಹಿಡಿದವರು ಹೊರಳಲು ಜಾಗವಿರಲಿಲ್ಲ. ಅವನ್ನೆಲ್ಲ ತೆಗೆಸಿ ಮಣೆಗಿಂತ ಸ್ವಲ್ಪ ಎತ್ತರದ ಹಗುರ ಪೆಟ್ಟಿಗೆಗಳನ್ನು ಮಾಡಿಸಿದರು. ಸಾಲಾಗಿ ಇಟ್ಟರೆ ಮಲಗಬಹುದು, ಒಂದರ ಮೇಲೊಂದು ಇಟ್ಟರೆ ಒಲೆಯ ಕಟ್ಟೆ, ಹೊರಗೆ ಗಿಡದ ಕೆಳಗೆ ತಂದರೆ ನಾಲ್ಕು ಜನ ಕೂಡಬಹುದು. ಎಡಗೈಯಿಂದ ಎತ್ತುವಷ್ಟೇ ಭಾರ.

ಇದೆಲ್ಲ ಸುಮ್ಮನೆ ಆಗಲಿಲ್ಲ. ಒಂದು ದಿನ ಸೊಸೆ ತವರಿನಿಂದ ಫೋನು ಮಾಡಿ ಅಳುತ್ತಿದ್ದಳು. "ಏನಾತ ಹೇಳವಾ!" ಅಂದೆ. "ಅತ್ತ್ಯಾರ, ಅಪ್ಪಾ ಅವ್ವಾ ಮತ್ತ ಜಗಳಾಡಾಕತ್ತಾರ್ರಿ. ಮದಲಿನಂಗ! ಓಣಿ ತುಂಬ ಕೇಳಸಾಕತ್ತದರಿ!" ಅವಳು ಅಳುತ್ತಿದ್ದದ್ದು ಸಂತೋಷಕ್ಕೆ. ನಾನೂ ಅತ್ತೆ.

ಪೂರ್ತಿ ತಯಾರಾದ ಮೇಲೆ ಬೀಗಿತ್ತಿ ಮೊದಲ ಸಲ ಅಂಗಳದಲ್ಲಿ ಒಬ್ಬರೇ ತೆರೆದರು. ಯಾರೂ ಮುಟ್ಟಕೂಡದು ಎಂದು ಬೀಗರ ಕಟ್ಟಪ್ಪಣೆ. ಅದು ಸುಲಭದ ಅಪ್ಪಣೆಯಲ್ಲ. ಬೀಗಿತ್ತಿ ನಿಲ್ಲುತ್ತಿದ್ದರು, ಏದುಸಿರು ಬಿಡುತ್ತಿದ್ದರು, ಹಿಡಿಕೆಯ ಮೇಲೆ ಹಣೆ ಇಟ್ಟು ಕೂಡುತ್ತಿದ್ದರು. ನನ್ನ ಕಾಲು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಬೀಗರು ಕಟ್ಟೆಯ ಮೇಲೆ ತಮ್ಮೆರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. "ತಾವ ಏಳತಾವರಿ ಈ ಕೈ, ಅದಕ್ಕ ಅವುಗೋಳ ಮ್ಯಾಲ ಕುಂತೀನಿ" ಎಂದು ನನಗೆ ಪಿಸುಗುಟ್ಟಿದರು. ಕೆಲಸ ಮಾಡುವ ಗಂಡಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮಾಡಬೇಕೆನಿಸಿದ ಕೆಲಸವನ್ನು ಮಾಡದೆ ಹಾಗೆ ಕೂತವರನ್ನು ನೋಡಿದ್ದು ಇವರೊಬ್ಬರನ್ನೇ. ಬಿಸಿಲು ಏರುವವರೆಗೆ ಹಿಡಿಯಿತು. ತೆರೆದರು. ಆ ದಿನದ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು, ಬೀಗಿತ್ತಿ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ.

ಮತ್ತೆ ಊರೂರು ತಿರುಗಿದರು. ಮೊಮ್ಮಗಳು ಹುಟ್ಟಿದಳು. ಬೀಗರು ಅವಳನ್ನು ಎತ್ತಿಕೊಂಡು, "ಈಕೀಗಿ ಅಜ್ಜಿ ಗಾಡಿ ತಗ್ಯೂದನ್ನ ತೋರಸಬೇಕು, ಲಗೂ ದೊಡ್ಡಾಕಿ ಆಗಬೇ" ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟಲಿಲ್ಲ. ಅವರ ಬಾಯಿ ಮುಚ್ಚಿದ್ದನ್ನು ನಾನು ಮೊದಲ ಸಲ ನೋಡಿದ್ದು ಅಂದು.

ಗಾಡಿಯ ಮೇಲೆ ಮತ್ತೆ ತಾಡಪತ್ರಿ ಬಂತು. ಬೀಗಿತ್ತಿ ಮತ್ತೆ ಕಿಟಕಿಗೆ ಹೋದರು. ಅವರು ಗಾಡಿ ತೆರೆದದ್ದೆಲ್ಲ ಬೀಗರು ಎದುರಿಗೆ ಕೂತಿದ್ದಾಗ. ಈಗ ಎದುರಿಗೆ ಯಾರು? ನಮ್ಮ ಮಗ, ಗಾಡಿ ನಿಂತಲ್ಲೇ ತುಕ್ಕು ಹಿಡಿಯುತ್ತದೆ, ಯಾರಿಗಾದರೂ ಕೊಡೋಣ ಅಂದ. ಬೀಗಿತ್ತಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕೊಳ್ಳುವವರೊಬ್ಬರು ನೋಡಲು ಬಂದರು. ನನ್ನ ಮಗ ತೆರೆದು ತೋರಿಸಲು ಹೋದ. ಹಿಡಿಕೆಯನ್ನು ಬಲಗೈಯಿಂದ ಹಿಡಿದರೆ ಮೈ ತಿರುಚಬೇಕು. ಮಂಚ ಎಳೆದರೆ ಅದಕ್ಕೆ ಮೊದಲು ಮತ್ತೊಂದು ಆಗಬೇಕು, ಅದು ಯಾವುದೋ ಇವನಿಗೆ ಗೊತ್ತಿಲ್ಲ. ಬೆವರಿಳಿದರೂ ಅರ್ಧವೂ ತೆರೆಯಲಿಲ್ಲ. ಬಂದವರು, ಮತ್ತೊಮ್ಮೆ ಬರುತ್ತೇವೆ ಎಂದು ಹೋದರು.

ಬೀಗಿತ್ತಿ ಕಿಟಕಿಯಿಂದ ಎಲ್ಲ ನೋಡುತ್ತಿದ್ದರು. ಮಗ ಒಳಗೆ ಬಂದಾಗ ಹೇಳಿದರು: "ಅಳಿಯಾಂದ್ರ, ಮಾರೂದಿದ್ದರ ನಾನ ತಗದ ತೋರಸ್ತಿದ್ನಿರಿ. ಬರೂ ಭಾನುವಾರ ಭೋರದ ಕಡೆ ಹೋಗೂಣು. ಜೀಪ ನೀವು ಹೊಡೀರಿ. ಉಳಿದದ್ದು ನಾ ನೋಡಕೋತೀನಿ."

ಹೋದೆವು. ನೀರಿನ ದಂಡೆಯಲ್ಲಿ ಒಂದು ಆಲದ ಗಿಡ ತೋರಿಸಿ ನಿಲ್ಲಿಸೆಂದರು. ನಾವೆಲ್ಲ ಇಳಿದು ಆಚೆ ಒಂದು ಜಮಖಾನೆಯ ಮೇಲೆ ಕೂತೆವು. ಬೀಗಿತ್ತಿ ಕೋಲನ್ನು ಗಾಡಿಗೆ ಒರಗಿಸಿ, ಪೆಟ್ಟಿಗೆಯೊಂದನ್ನು ಎಳೆದು ಅದರ ಮೇಲೆ ಕೂತು ಹಿಡಿಕೆಗೆ ಕೈ ಹಾಕಿದರು. ಕಟಕಟ, ಕಟಕಟ. ಛಾವಣಿ ಎದ್ದಿತು. ಈಚೆಯ ಮಂಚ ಬಂತು. ಆಚೆಯ ಮಂಚ ಬರಲಿಲ್ಲ. ಇಷ್ಟು ದಿನ ನಿಂತ ಗಾಡಿ, ಗಾಲಿ ಬಿಗಿದುಕೊಂಡಿತ್ತು. ಎಳೆದರು. ಮತ್ತೆ ಎಳೆದರು. ನಿಂತರು. ಎದುರಿಗೆ ಯಾರೂ ಕೂತಿರದ ಜಾಗವನ್ನು ಬಹಳ ಹೊತ್ತು ನೋಡಿದರು. ನನ್ನ ಮಗ ಏಳಲು ಹೋದ, ಸೊಸೆ ಅವನ ಅಂಗಿ ಹಿಡಿದು ಕೂಡಿಸಿದಳು. ಅವಳ ಕಣ್ಣಿನಿಂದ ನೀರು ಧಾರಾಕಾರ ಹರಿಯುತ್ತಿತ್ತು, ಆದರೆ ಅಂಗಿ ಬಿಡಲಿಲ್ಲ. ನಾನು ಮ್ಯಾಲಿನವನನ್ನು ನೆನೆದೆ. ಸುಳ್ಳೇಕೆ ಹೇಳಲಿ, ದೇವರನ್ನಲ್ಲ, ಬೀಗರನ್ನೇ ನೆನೆದೆ.

ಬೀಗಿತ್ತಿ ಮಂಚಕ್ಕೆ ಸೊಂಟ ಕೊಟ್ಟು ಒಮ್ಮೆ ಒಳಗೆ ದೂಡಿದರು. ಒಳಗೆ ದೂಡಿ, ಬಿಗಿ ಬಿಟ್ಟುಕೊಂಡ ಕೂಡಲೇ ಹೊರಗೆ ಜಗ್ಗಿದರು. ಗಾಲಿ ಕಿರ್ರೆಂದಿತು, ಮಂಚ ಸರ್ರನೆ ಬಂತು, ಕಾಲು ತಾನಾಗಿ ಇಳಿದು ಮಣ್ಣಿನಲ್ಲಿ ಊರಿತು. ಕ್ಯಾನ್ವಾಸು ಬಿಗಿದು, ಬಾಗಿಲಿನ ಪಟ್ಟಿಯನ್ನು ಚರ್ರೆಂದು ಬಿಡಿಸಿ ಮೇಲಕ್ಕೆ ಮಡಚಿ, ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮ ಕಡೆ ತಿರುಗಿದರು.

"ಏನ ಪಂಗತಿಗಿ ಕುಂತಂಗ ಕುಂತೀರಿ? ಅಳಿಯಾಂದ್ರ, ನೀರ ತರ್ರಿ, ಚಾ ಇಡತೀನಿ. ನೀ ಅಳೂದ ಬಿಟ್ಟು ಹಾಸಗಿ ಝಾಡಸ. ಬೀಗತ್ಯಾರ, ಕೂಸಿನ್ನ ತಗೊಂಡ ನೀವು ಒಳಗ ಬರ್ರಿ."

ನಾನು ಮೆಟ್ಟಿಲ ಹತ್ತಿರ ಚಪ್ಪಲಿ ಬಿಟ್ಟು, ಮೊಮ್ಮಗಳನ್ನು ಎತ್ತಿಕೊಂಡು, ಬೀಗಿತ್ತಿಯ ಮನೆಯೊಳಗೆ ಹೋದೆ.